ಆಫೀಸ್ ಕೆಲಸಕ್ಕೆ ಹೈದರಾಬಾದಿಗೆ ಹೋದವರಿಗೆ ಅರ್ಧ ದಿನದ ಸಾಲಾರ್ ಜಂಗ್

ಆಫೀಸ್ ಕೆಲಸದ ಮೇಲೆ ಹೈದರಾಬಾದಿಗೆ ಹೋದವರು ಹೈಟೆಕ್ ಸಿಟಿಯ ಗಾಜಿನ ಕಟ್ಟಡ ನೋಡಿ, ಒಂದು ಬಿರಿಯಾನಿ ತಿಂದು ವಾಪಸಾಗುವುದೇ ಹೆಚ್ಚು. ಅರ್ಧ ದಿನ ಕೈಯಲ್ಲಿದ್ದರೆ ಮೂಸಿ ನದಿಯ ದಕ್ಷಿಣ ದಂಡೆಯ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗಿ. ಆದರೆ ಎಲ್ಲವನ್ನೂ ನೋಡುವ ಹಟ ಬೇಡ.

ಮೊದಲು ವೇಳೆಯ ಲೆಕ್ಕ. ಬಾಗಿಲು ತೆರೆಯುವುದು ಬೆಳಿಗ್ಗೆ 10ಕ್ಕೆ, ಮುಚ್ಚುವುದು ಸಂಜೆ 5ಕ್ಕೆ, ಶುಕ್ರವಾರ ರಜೆ. ಶುಕ್ರವಾರ ಮಧ್ಯಾಹ್ನ ಕೆಲಸ ಮುಗಿಸಿ, ಅಂದೇ ರಾತ್ರಿ ರೈಲು ಹತ್ತುವವರು ಎಡವುವುದು ಇಲ್ಲೇ. ಪಕ್ಕದ ಚೌಮಹಲ್ಲಾ ಅರಮನೆಗೂ ಅಂದೇ ರಜೆ. ಮೂರು ಗಂಟೆಯ ನಂತರ ಹೋಗುವುದಾದರೆ ಹೋಗದಿರುವುದೇ ವಾಸಿ. ಶನಿವಾರ ಬೆಳಿಗ್ಗೆ ಹತ್ತಕ್ಕೇ ಬಾಗಿಲಲ್ಲಿ ನಿಂತರೆ ಒಂದೂವರೆಯೊಳಗೆ ಸಮಾಧಾನವಾಗಿ ನೋಡಿ ಮುಗಿಸಬಹುದು.

ಹೈಟೆಕ್ ಸಿಟಿ ಕಡೆಯಿಂದ ಟ್ಯಾಕ್ಸಿ ಹಿಡಿದರೆ ಅಫ್ಜಲ್‌ಗಂಜ್, ನಯಾಪುಲ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುತ್ತೀರಿ. ಮೆಟ್ರೋ ಮೇಲು: ರಾಯದುರ್ಗಂನಿಂದ ನೀಲಿ ಮಾರ್ಗದಲ್ಲಿ ಅಮೀರ್‌ಪೇಟ್, ಅಲ್ಲಿ ಎಲ್.ಬಿ. ನಗರ ಕಡೆಯ ಕೆಂಪು ಮಾರ್ಗಕ್ಕೆ ಬದಲಿಸಿ ಎಂಜಿಬಿಎಸ್ (ಮಹಾತ್ಮ ಗಾಂಧಿ ಬಸ್ ನಿಲ್ದಾಣ). ಅಲ್ಲಿಂದ ಆಟೋ, ಇಲ್ಲವೇ ನಡಿಗೆ. ಸೂಟ್‌ಕೇಸ್, ಲ್ಯಾಪ್‌ಟಾಪ್ ಎರಡನ್ನೂ ಹೋಟೆಲಿನಲ್ಲೇ ಬಿಟ್ಟು ಬನ್ನಿ. ಚೆಕ್ ಔಟ್ ಆದ ಮೇಲೂ ರಿಸೆಪ್ಷನ್‌ನಲ್ಲಿ ಸಾಮಾನು ಇಟ್ಟುಕೊಳ್ಳುತ್ತಾರೆ. ಮ್ಯೂಸಿಯಂ ಒಳಗೆ ಚೀಲ ಒಯ್ಯುವಂತಿಲ್ಲ.

ಇಲ್ಲಿರುವುದು ಬಹುಪಾಲು ಒಬ್ಬನೇ ಮನುಷ್ಯನ ಸಂಗ್ರಹ. ನಿಜಾಮರ ದಿವಾನರಾಗಿದ್ದ ಮೂರನೇ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್ 1949ರಲ್ಲಿ ತೀರಿಕೊಂಡರು. 1951ರಲ್ಲಿ ಅವರ ಮನೆಯಲ್ಲೇ ಮ್ಯೂಸಿಯಂ ಶುರುವಾಯಿತು, 1968ರಲ್ಲಿ ಈಗಿನ ಕಟ್ಟಡಕ್ಕೆ ಬಂತು. ಕಣ್ಣಿಗೆ ಹಿಡಿಸಿದ್ದನ್ನೆಲ್ಲ ಕೊಂಡ ಶ್ರೀಮಂತನ ಸಂಗ್ರಹವಾದ್ದರಿಂದ ಅಪರೂಪದ್ದರ ಪಕ್ಕದಲ್ಲೇ ಸಾಧಾರಣದ್ದೂ ಇದೆ. ಯುರೋಪಿನ ಪಿಂಗಾಣಿ, ಗಾಜು, ಪೀಠೋಪಕರಣಗಳ ಕೋಣೆಗಳನ್ನು ನಡೆಯುತ್ತಲೇ ದಾಟಿ, ನಷ್ಟವೇನಿಲ್ಲ. ಎರಡಕ್ಕೆ ಮಾತ್ರ ನಿಲ್ಲಿ. ಒಂದು, ಇಟಲಿಯ ಶಿಲ್ಪಿ ಬೆನ್ಜೋನಿ ಕೆತ್ತಿದ, ಬೈಬಲಿನ ರೆಬೆಕ್ಕಾಳ ಮುಸುಕಿನ ಪ್ರತಿಮೆ: ನೇರ ಎದುರಿಗಿಂತ ಪಕ್ಕದಿಂದ ನೋಡಿದರೆ ಅಮೃತಶಿಲೆಯ ಮುಸುಕಿನ ಹಿಂದೆ ಮೂಗು, ತುಟಿ ಎದ್ದು ಬರುತ್ತವೆ. ಇನ್ನೊಂದು, ಒಂದೇ ಮರದ ದಿಮ್ಮಿಯ ಮುಂದೆ ಮೆಫಿಸ್ಟೋಫಿಲಿಸ್, ಹಿಂದೆ ಮಾರ್ಗರೆಟಾ (ಗಯಟೆಯ ‘ಫೌಸ್ಟ್’ ನಾಟಕದ ಸೈತಾನ ಮತ್ತು ನಾಯಕಿ) ಇರುವ ಶಿಲ್ಪ. ಹಿಂದಿನದು ಕನ್ನಡಿಯಲ್ಲಿ ಕಾಣುತ್ತದೆ.

ಸಂಗೀತ ಗಡಿಯಾರದ ಮುಂದೆ ಹನ್ನೆರಡಕ್ಕೆ ಜಾತ್ರೆ. ಗಡ್ಡದ ಪುಟ್ಟ ಬೊಂಬೆ ಹೊರಬಂದು ಗಂಟೆ ಬಾರಿಸುವುದನ್ನು ನೋಡಲು ಮಕ್ಕಳಿದ್ದರೆ 11.45ಕ್ಕೇ ಜಾಗ ಹಿಡಿಯಿರಿ. ಒಬ್ಬರೇ ಇದ್ದರೆ ಹನ್ನೊಂದಕ್ಕೆ ಹೋಗಿ. ಒಂದು ಪೆಟ್ಟು ಕಡಿಮೆ, ನೂಕುನುಗ್ಗಲೂ ಕಡಿಮೆ. ಹನ್ನೆರಡರ ಹೊತ್ತಿಗೆ ಜನವೆಲ್ಲ ಅಲ್ಲಿ ಸೇರುವುದರಿಂದ ಉಳಿದ ಕೋಣೆಗಳು ಖಾಲಿ, ಬಿದ್ರಿ ವಿಭಾಗ ನೋಡಲು ಅದೇ ಸಮಯ.

ಕನ್ನಡಿಗರು ಹೆಚ್ಚು ಹೊತ್ತು ಕಳೆಯಬೇಕಾದ್ದು ಈ ಬಿದ್ರಿ ವಿಭಾಗದಲ್ಲೇ. ಹುಕ್ಕಾ ಬುಡ, ಪಾನ್‌ದಾನ್, ಹೂಜಿ, ತಟ್ಟೆ, ಎಲ್ಲ ನಮ್ಮ ಬೀದರಿನ ಹೆಸರು ಹೊತ್ತ ಕಸುಬು. ಲೋಹ ಹೆಚ್ಚಾಗಿ ಸತು, ಸ್ವಲ್ಪ ತಾಮ್ರ. ಎರಕ ಹೊಯ್ದು, ಉಳಿಯಿಂದ ಕೊರೆದು, ಆ ಗೀರಿನೊಳಗೆ ಬೆಳ್ಳಿ ತುಂಬುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚಿದರೆ ಸತುವಿನ ಮೈ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ತಂತಿ ಕೂರಿಸಿದ್ದು ತಾರ್‌ಕಶಿ, ತಗಡು ಕೂರಿಸಿದ್ದು ತೆಹನಿಶಾನ್, ಬೆಳ್ಳಿಯೇ ಹಿನ್ನೆಲೆಯಾಗಿ ಹೂಬಳ್ಳಿ ಕಪ್ಪಾಗಿ ಉಳಿದದ್ದು ಅಫ್ತಾಬಿ. ಈ ಮೂರನ್ನು ಗುರುತಿಸಲು ಕಲಿತರೆ ಅಂಗಡಿಯಲ್ಲಿ ಕೊಳ್ಳುವಾಗಲೂ ಉಪಯೋಗ: ಬೆಳ್ಳಿಯ ಅಂಚಿನ ಮೇಲೆ ಉಗುರು ಆಡಿಸಿ, ಸಿಕ್ಕಿಕೊಂಡರೆ ತಂತಿ ಸರಿಯಾಗಿ ಕೂತಿಲ್ಲ. ಬೆಳ್ಳಿ ಬಣ್ಣ ಬಳಿದದ್ದಾದರೆ ಗೆರೆಯ ಅಂಚೇ ಮಬ್ಬು.

ದಂತದ ವಿಭಾಗದಲ್ಲಿ ಫ್ರಾನ್ಸಿನ ಹದಿನಾರನೇ ಲೂಯಿ ಟಿಪ್ಪುವಿಗೆ ಕಳುಹಿಸಿದವೆಂದು ಹೇಳುವ ಕುರ್ಚಿಗಳಿವೆ. ಶ್ರೀರಂಗಪಟ್ಟಣ ನೋಡಿದವರು ಇವನ್ನೂ ನೋಡಬೇಕು.

ಹೊರಬಂದ ಮೇಲೆ ಚಾರ್‌ಮಿನಾರ್‌ಗೆ ನಡೆದೇ ಹೋಗಬಹುದು. ಪಕ್ಕದ ನಿಮ್ರಾ ಕೆಫೆಯಲ್ಲಿ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು, ನಿಂತೇ ಕುಡಿಯಿರಿ. ಲಾಡ್ ಬಜಾರ್‌ನಲ್ಲಿ ಅರಗಿನ ಬಳೆ ಕೊಳ್ಳುವುದಾದರೆ ಚೌಕಾಸಿ ಮಾಡದೆ ದುಡ್ಡು ಕೊಡಬೇಡಿ. ಬೆಂಗಳೂರು ರೈಲು ಕಾಚಿಗುಡದಿಂದಾದರೆ ಇಲ್ಲಿಂದ ದೂರವಿಲ್ಲ; ಆದರೆ ಲಗೇಜು ಹೈಟೆಕ್ ಸಿಟಿಯಲ್ಲಿದ್ದರೆ ಹೋಗಿಬರಲು ಎರಡೂವರೆ ಗಂಟೆ ಎತ್ತಿಡಿ. ಕೊನೆಯ ರಾತ್ರಿಯ ರೂಮನ್ನು ಕಾಚಿಗುಡ ಅಥವಾ ಆಬಿಡ್ಸ್ ಕಡೆ ಹಿಡಿದರೆ ಈ ತಾಪತ್ರಯವೇ ಇಲ್ಲ.