ಇಂಗ್ಲಿಷ್ ಪದ ಕಲಿಯೋಕೆ ಬೆಳಕಿನ ವಿಜ್ಞಾನ: ಆ್ಯಪ್, ಪುಸ್ತಕ, ವಿಡಿಯೋ ಮೂರೂ ಟ್ರೈ ಮಾಡಿದ್ಮೇಲೆ

ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಬಂಗಾರಪೇಟೆ ಹತ್ರದ ಸರ್ಕಾರಿ ಶಾಲೆ. ಪಿಯುಸಿಲಿ ಸೈನ್ಸ್ ತಗೊಂಡಾಗ ವಕ್ರೀಭವನ (ಬೆಳಕು ಗಾಜು, ನೀರಿಗೆ ಹೋಗ್ವಾಗ ಬಾಗೋದು), ವಿವರ್ತನೆ (ಅಂಚು, ಸಂದಿಯಲ್ಲಿ ಬೆಳಕು ಹರಡೋದು) ಎಲ್ಲಾ ಗೊತ್ತಿತ್ತು, ಆದ್ರೆ ಮೇಷ್ಟ್ರು ಬೋರ್ಡ್ ಮೇಲೆ ರಿಫ್ರ್ಯಾಕ್ಷನ್, ಡಿಫ್ರ್ಯಾಕ್ಷನ್ ಅಂತ ಬರೆದ್ರೆ ಯಾವುದು ಯಾವುದು ಅಂತ ಗೊತ್ತಾಗ್ತಿರ್ಲಿಲ್ಲ. ಕೆಲ್ಸಕ್ಕೆ ಸೇರಿ ಆರು ವರ್ಷ ಆದ್ಮೇಲೂ ಮೇಲ್ ಬರೆಯೋಕೆ, ಮೀಟಿಂಗಲ್ಲಿ ಮಾತಾಡೋಕೆ ಪದ ಸಿಗಲ್ಲ ಅನ್ನೋ ಕೊರಗು ಹಾಗೇ ಉಳ್ಕೊಂಡಿತ್ತು. ಹೋದ ವರ್ಷ ಹಠ ಹಿಡ್ದು ಮೂರು ದಾರಿ ಟ್ರೈ ಮಾಡ್ದೆ, ಒಂದೊಂದಕ್ಕೂ ಹೆಚ್ಚುಕಮ್ಮಿ ಮೂರು ತಿಂಗ್ಳು.

ಮೊದ್ಲು ಆ್ಯಪ್. ದಿನಕ್ಕೆ 20 ಪದ, ಒಂದು ಕಡೆ ಇಂಗ್ಲಿಷ್, ತಿರುಗಿಸಿದ್ರೆ ಕನ್ನಡ. ಬಸ್ಸಲ್ಲಿ ನಿಂತ್ಕೊಂಡೇ ಮಾಡ್ಬಹುದು, ಅದೊಂದು ಅನುಕೂಲ ನಿಜ. ಆದ್ರೆ ಸ್ಕ್ಯಾಟರ್ ಅಂದ್ರೆ ಚದುರಿಸು ಅಂತಿತ್ತು, ಡಿಸ್ಪರ್ಸ್ ಅಂದ್ರೂ ಚದುರಿಸು ಅಂತಾನೇ ಇತ್ತು, ಸ್ಪ್ರೆಡ್ ಅಂದ್ರೆ ಹರಡು. ಯಾವ್ದನ್ನ ಎಲ್ಲಿ ಹಾಕ್ಬೇಕು ಅಂತ ಕಾರ್ಡ್ ಹೇಳಲ್ಲ. ಆ್ಯಪ್ ಬಿಟ್ಟು ಒಂದು ತಿಂಗ್ಳಾದ್ಮೇಲೆ ನೋಡಿದ್ರೆ ಪದದ ಮುಖ ಗೊತ್ತಾಗುತ್ತೆ, ಬಾಯಿಗೆ ಮಾತ್ರ ಬರಲ್ಲ.

ಎರಡನೇದು ಪುಸ್ತಕ. ಅವೆನ್ಯೂ ರೋಡ್‌ನಲ್ಲಿ ಹಳೇ ಪುಸ್ತಕದ ಅಂಗಡೀಲಿ ಬೆಳಕಿನ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಬರೆದ ಒಂದು ಇಂಗ್ಲಿಷ್ ಪುಸ್ತಕ ಸಿಕ್ತು, ವಿಷ್ಯ ಆಗ್ಲೇ ಕನ್ನಡದಲ್ಲಿ ಗೊತ್ತಿರೋದ್ರಿಂದ ಪದಕ್ಕೆ ಮಾತ್ರ ತಲೆ ಕೊಟ್ರೆ ಸಾಕು ಅಂತ ತಗೊಂಡೆ. ಇಲ್ಲೇ ನನಗೆ ದಾರಿ ಸಿಕ್ಕಿದ್ದು. ಸ್ಕ್ಯಾಟರ್ ಪದ ಬಂದ ಪುಟದಲ್ಲಿ ಒಂದು ಪ್ರಯೋಗ ಇತ್ತು. ರಾತ್ರಿ ಅಡುಗೆಮನೆ ಲೈಟ್ ಆರಿಸಿ, ಗಾಜಿನ ಲೋಟದ ತುಂಬ ನೀರು ಹಾಕಿ ಅರ್ಧ ಚಮಚ ಹಾಲು ಬಿಟ್ಟು, ಮೊಬೈಲ್ ಟಾರ್ಚ್ ಹಿಡಿದೆ. ಅಮ್ಮ ಬಾಗಿಲಲ್ಲಿ ನಿಂತು "ಏನೋ ಅದು, ಹಾಲು ದಂಡ ಮಾಡ್ತಿದೀಯ" ಅಂದ್ರು, ಆಮೇಲೆ ಅವ್ರೂ ಬಗ್ಗಿ ನೋಡಿದ್ರು. ಪಕ್ಕದಿಂದ ನೋಡಿದ್ರೆ ನೀರು ತೆಳು ನೀಲಿ, ಲೋಟದ ಆಚೆ ಕಡೆಯಿಂದ ನೇರ ಟಾರ್ಚ್ ಕಡೆ ನೋಡಿದ್ರೆ ಬೆಳಕು ಹಳದಿ, ಹಾಲು ಇನ್ನೊಂಚೂರು ಹಾಕಿದ್ರೆ ಕಿತ್ತಳೆ. ಹಾಲಿನ ಸಣ್ಣ ಸಣ್ಣ ಕಣ ನೀಲಿ ಬೆಳಕನ್ನ ಜಾಸ್ತಿ ಎಲ್ಲಾ ಕಡೆ ಚೆಲ್ಲುತ್ತೆ, ಕೆಂಪು ನೇರ ದಾಟಿ ಬರುತ್ತೆ. ಆಕಾಶ ನೀಲಿ, ಸಂಜೆ ಸೂರ್ಯ ಕೆಂಪು ಕಾಣೋದಕ್ಕೂ ಇದೇ ಥರದ ಕಾರಣ, ಅಲ್ಲಿ ಹಾಲಿನ ಬದ್ಲು ಗಾಳಿಯ ಅಣುಗಳು. ಸಿ.ವಿ. ರಾಮನ್ 1921ರಲ್ಲಿ ಹಡಗಿನಲ್ಲಿ ವಾಪಸ್ ಬರ್ತಾ ಸಮುದ್ರದ ನೀಲಿ ಬಗ್ಗೆ ಯೋಚಿಸಿದ್ದು, 1928ರ ಫೆಬ್ರವರಿ 28ಕ್ಕೆ ರಾಮನ್ ಪರಿಣಾಮದ (ಚದುರಿದ ಬೆಳಕಲ್ಲಿ ಒಂಚೂರರ ಬಣ್ಣ ಬದಲಾಗೋದು) ತನಕ ಬಂದಿದ್ದು, ಎಲ್ಲಾ ಈ ಒಂದು ಪದದ ಸುತ್ತಾನೇ. ಡಿಸ್ಪರ್ಸ್ ಬೇರೆ. ಅದು ಪಟ್ಟಕದೊಳಗೆ (ಪ್ರಿಸಂ, ಮೂರು ಮೂಲೆಯ ಗಾಜಿನ ತುಂಡು) ಹೋದ ಬಿಳಿ ಬೆಳಕು ಬಣ್ಣ ಬಣ್ಣವಾಗಿ ಬೇರೆ ಆಗೋದು. ಆ್ಯಪ್‌ನಲ್ಲಿ ಒಂದೇ ಅರ್ಥ ಇದ್ದ ಎರಡು ಪದ, ಒಂದು ಲೋಟ ಮತ್ತೆ ಒಂದು ಗಾಜಿನ ತುಂಡು ಸೇರಿ ಬಿಡಿಸಿ ಕೊಟ್ಟಂಗಾಯ್ತು.

ಇನ್ನೊಂದು ಲಾಭ ಪದಗಳ ನೆಂಟಸ್ತಿಕೆ. ನೀರಲ್ಲಿ ಇಟ್ಟ ಪೆನ್ಸಿಲ್ ಮುರಿದ ಹಾಗೆ ಕಾಣುತ್ತಲ್ಲ, ರಿಫ್ರ್ಯಾಕ್ಷನ್‌ನಲ್ಲಿರೋ ಫ್ರ್ಯಾಕ್ಟ್ ಲ್ಯಾಟಿನ್‌ನ ಮುರಿ ಅನ್ನೋ ಮಾತಿಂದ ಬಂದಿದ್ದು. ಕೈ ಫ್ರ್ಯಾಕ್ಚರ್ ಆಯ್ತು ಅಂತೀವಲ್ಲ ಅದೂ ಅದೇ, ಲೆಕ್ಕದ ಫ್ರ್ಯಾಕ್ಷನ್ ಕೂಡ ಅದೇ. ಕನ್ನಡದ ವಕ್ರೀಭವನ ಬಾಗೋದನ್ನ ನೋಡುತ್ತೆ, ಇಂಗ್ಲಿಷ್ ಪದ ಮುರಿಯೋದನ್ನ ನೋಡುತ್ತೆ. ಇದು ಗೊತ್ತಾದ ದಿನದಿಂದ ನನಗೆ ಆ ಪದ ಮರೆತಿಲ್ಲ. ಎಮಿಟ್, ಟ್ರಾನ್ಸ್‌ಮಿಟ್, ಪರ್ಮಿಟ್, ಅಡ್ಮಿಟ್ ನಾಲ್ಕರಲ್ಲೂ ಕಳಿಸು ಅನ್ನೋ ಅರ್ಥದ ಲ್ಯಾಟಿನ್ ಮೂಲ ಇದೆ. ಚಾರ್ಜ್ ಅಂತೂ ನಮ್ಮದೇ ಪದ ಆಗೋಗಿದೆ, ಬಸ್ ಚಾರ್ಜು, ಲಾಠಿ ಚಾರ್ಜು, ಮೊಬೈಲ್ ಚಾರ್ಜು, ಹೊಸ ಸಾಹೇಬ್ರು ಚಾರ್ಜ್ ತಗೊಂಡ್ರು, ಇದ್ರ ಜೊತೆಗೆ ಎಲೆಕ್ಟ್ರಾನಿನ ಚಾರ್ಜ್ ಒಂದು ಸೇರ್ಕೊಂಡ್ರೆ ಭಾರ ಅನ್ಸಲ್ಲ.

ಕಣಗಳ ಅಧ್ಯಾಯ ಕಷ್ಟ ಇತ್ತು, ಕ್ವಾರ್ಕ್, ಲೆಪ್ಟಾನ್, ಬೋಸಾನ್ ಅಂತ ಹೆಸ್ರುಗಳ ಸಂತೆ. ಅವು ಆಫೀಸಲ್ಲಿ ಎಲ್ಲೂ ಬೇಕಾಗಲ್ಲ, ಸುತ್ತ ಇರೋ ಕ್ರಿಯಾಪದ ಬೇಕಾಗುತ್ತೆ. ನ್ಯೂಟ್ರಿನೋ (ಯಾವುದಕ್ಕೂ ಅಷ್ಟಾಗಿ ತಾಗದೆ ತೂರಿಹೋಗೋ ಸಣ್ಣ ಕಣ) ಬಗ್ಗೆ ಓದ್ವಾಗ ಕೋಲಾರ ಚಿನ್ನದ ಗಣಿ ಹೆಸ್ರು ಬಂತು, 1965ರಲ್ಲಿ 2 ಕಿಲೋಮೀಟರ್‌ಗಿಂತ ಆಳದಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಹಿಡಿದಿದ್ದು ಅಲ್ಲೇ. ನಮ್ಮ ತಾತ ಅದೇ ಮೈನ್ಸ್‌ನಲ್ಲಿ ಇಳಿದು ಹತ್ತಿ ಮಾಡ್ದೋರು. ಆ ಪುಟ ಓದ್ತಾ ಮೈ ಜುಂ ಅಂತು. ಮೇಲಿನ ಬಂಡೆ ಬೇರೆ ಕಣಗಳನ್ನ ತಡೆಯುತ್ತೆ ಅನ್ನೋಕೆ ಶೀಲ್ಡ್, ನ್ಯೂಟ್ರಿನೋ ತೂರ್ಕೊಂಡು ಹೋಗುತ್ತೆ ಅನ್ನೋಕೆ ಪೆನಿಟ್ರೇಟ್, ಪತ್ತೆ ಹಚ್ಚೋಕೆ ಡಿಟೆಕ್ಟ್. ಮೂರೂ ಒಂದೇ ಓದಿಗೆ ಕೂತ್ವು.

ಮೂರನೇದು ವಿಡಿಯೋ. ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1979ರಲ್ಲಿ ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಬೆಳಕು ಮತ್ತೆ ಎಲೆಕ್ಟ್ರಾನ್ ಬಗ್ಗೆ ಸಾಮಾನ್ಯ ಜನಕ್ಕೆ ಕೊಟ್ಟ ನಾಲ್ಕು ಉಪನ್ಯಾಸ ನೋಡ್ದೆ. ಗಾಜಿನ ಒಂದು ಮೇಲ್ಮೈಗೆ 100 ಫೋಟಾನ್ (ಬೆಳಕಿನ ಕಣ) ಬಿದ್ರೆ ಸುಮಾರು 4 ವಾಪಸ್ ಬರುತ್ತೆ, ಎರಡು ಮೇಲ್ಮೈ ಇದ್ರೆ ಗಾಜಿನ ದಪ್ಪದ ಮೇಲೆ ಅದು 0ಯಿಂದ 16ರ ತನಕ ಏರಿ ಇಳಿಯುತ್ತೆ ಅನ್ನೋ ಅಷ್ಟೇ ವಿಷ್ಯದಿಂದ ಎಲ್ಲಾ ಕಟ್ತಾ ಹೋಗ್ತಾರೆ. ಕಿವಿಗೆ ಇದು ಬೇಕೇ ಬೇಕು. ನಾನು ಅಲ್ಲೀ ತನಕ ಡಿಟರ್ಮೈನ್ ಅಂತಿದ್ದೆ, ಅದು ಡಿಟರ್ಮಿನ್. ಬೌನ್ಸ್ ಬ್ಯಾಕ್, ಗೋ ಥ್ರೂ ಥರ ಎರಡೆರಡು ಸಣ್ಣ ಪದ ಜೋಡಿಸಿ ಮಾತಾಡೋದು ಕಿವಿಗೆ ಬಿದ್ದಷ್ಟೂ ಒಳ್ಳೇದು, ನಾವು ಉದ್ದ ಪದ ಹುಡುಕ್ತಾ ಮಾತು ನಿಲ್ಲಿಸ್ತೀವಲ್ಲ, ಆ ಅಭ್ಯಾಸ ಬಿಡಿಸುತ್ತೆ. ಆದ್ರೆ ಮಾತು ಓಟ, ಹೊಸ ಪದ ಹಿಡಿಯೋಷ್ಟ್ರಲ್ಲಿ ಮುಂದಿನ ವಾಕ್ಯ ಹೋಗಿರುತ್ತೆ, ತಾನಾಗೇ ಬರೋ ಕ್ಯಾಪ್ಷನ್ ಎಷ್ಟೋ ಕಡೆ ತಪ್ಪು. ಮೂರು ತಿಂಗ್ಳಲ್ಲಿ ನೋಟ್‌ಬುಕ್‌ಗೆ ಇಳಿದಿದ್ದು ಪುಸ್ತಕದ ಕಾಲು ಭಾಗ ಪದ ಮಾತ್ರ.

ನನ್ನ ಮಟ್ಟಿಗೆ ಪುಸ್ತಕ ಮೊದ್ಲು, ಅದೇ ವಿಷ್ಯದ ವಿಡಿಯೋ ಆಮೇಲೆ. ಆ್ಯಪ್ ಇಟ್ಕೊಂಡಿದ್ರೆ ಅದ್ರ ಕಾರ್ಡ್ ಬಿಟ್ಟು ನೀವು ಓದಿದ ವಾಕ್ಯಾನೇ ಕಾರ್ಡ್ ಮಾಡಿ. ಇಂಗ್ಲಿಷ್ ಪುಸ್ತಕ ಅಂದ್ರೇನೇ ಭಯ ಅನ್ನೋರು ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕ ಕನ್ನಡ ಮೀಡಿಯಂದು ಒಂದು, ಇಂಗ್ಲಿಷ್ ಮೀಡಿಯಂದು ಒಂದು ತಗೊಂಡು ಬೆಳಕಿನ ಪಾಠ ಪಕ್ಕಪಕ್ಕ ಇಟ್ಕೊಂಡು ಪ್ಯಾರಾ ಪ್ಯಾರಾ ಓದಿ. ನಮ್ಮ ಅಕ್ಕನ ಮಗಳಿಗೆ ಈಗ ಹಾಗೇ ಶುರು ಮಾಡಿಸಿದೀನಿ, ದಿನಕ್ಕೆ ಅರ್ಧ ಪುಟ, ಶನಿವಾರ ಹಾಲಿನ ಲೋಟ.