ಅರುವತ್ತರ ಜಾಜ್ ಬೇಸ್, ಈಗಿನ ಕ್ಲಾಸಿಕ್ ವೈಬ್: ಮಲೆನಾಡಿನ ಮಳೆಗೆ ಯಾವುದು?

ಫೆಂಡರ್ ಕಂಪನಿಯ ಅಗ್ಗದ ಬ್ರ್ಯಾಂಡ್ ಸ್ಕ್ವಾಯರ್‌ನ ಕ್ಲಾಸಿಕ್ ವೈಬ್ ಸಿಕ್ಸ್ಟೀಸ್ ಜಾಜ್ ಬೇಸ್ ಗಿಟಾರನ್ನು ಅದರ ಮೂಲವಾದ ಅರುವತ್ತರ ದಶಕದ ಫೆಂಡರ್ ಪಕ್ಕ ಇಟ್ಟರೆ ದೂರದಿಂದ ಯಾವುದು ಯಾವುದೆಂದು ಹೇಳುವುದು ಕಷ್ಟ. ಎರಡಕ್ಕೂ 34 ಇಂಚಿನ ಸ್ಕೇಲ್ (ತಂತಿ ಕಂಪಿಸುವ ಉದ್ದ), 20 ಫ್ರೆಟ್ (ಬೆರಳಹಲಗೆಯ ಲೋಹದ ಅಡ್ಡಪಟ್ಟಿ), ತಲೆಯ ಕಡೆ 38 ಮಿ.ಮೀ. ಅಗಲದ ತೆಳು ನೆಕ್ (ಕತ್ತು), ತಂತಿಯ ಕಂಪನ ಹಿಡಿಯುವ ಎರಡು ಸಿಂಗಲ್ ಕಾಯಿಲ್ ಪಿಕಪ್. ಬೆಲೆ ಮಾತ್ರ ಒಂದರದ್ದು ಸಾವಿರಗಳಲ್ಲಿ, ಇನ್ನೊಂದರದ್ದು ಲಕ್ಷಗಳಲ್ಲಿ. ಮೂಡಿಗೆರೆ, ಸಕಲೇಶಪುರದ ಕಡೆ ಇದ್ದು ನುಡಿಸುವವರಿಗೆ ಹೊಸದೇ ವಾಸಿ. ಸದ್ದಿನ ವಿಷಯಕ್ಕಲ್ಲ, ನೆಕ್ಕಿನೊಳಗೆ ಕೂತು ಅದರ ಬಾಗು ಹಿಡಿದಿಡುವ ಸರಳು, ಟ್ರಸ್ ರಾಡಿನ ವಿಷಯಕ್ಕೆ.

ನಾಲ್ಕು ತಂತಿ ಸೇರಿ ನೆಕ್ ಮೇಲೆ ಸುಮಾರು 80 ಕಿಲೋ ಎಳೆತ ಹಾಕುತ್ತವೆ. ಜೂನ್‌ನಲ್ಲಿ ಮರ ತೇವ ಕುಡಿದು, ಫೆಬ್ರವರಿಯಲ್ಲಿ ಒಣಗಿ, ನೆಕ್ಕಿನ ಬಾಗು ವರ್ಷಕ್ಕೆ ಎರಡು ಸಲವಾದರೂ ಬದಲಾಗುತ್ತದೆ. ಹಳೆಯ ಫೆಂಡರ್‌ನಲ್ಲಿ ಟ್ರಸ್ ರಾಡಿನ ನಟ್ ಇರುವುದು ನೆಕ್ಕಿನ ಬುಡದಲ್ಲಿ. ಅದನ್ನು ತಿರುಗಿಸಬೇಕೆಂದರೆ ತಂತಿ ಸಡಿಲಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ನೆಕ್ ಹೊರಗೆ ತೆಗೆಯಬೇಕು. ತಿರುಗಿಸಿ ಮತ್ತೆ ಕೂರಿಸಿ ಶ್ರುತಿ ಮಾಡಿದ ಮೇಲೇ ಹೆಚ್ಚಾಯಿತೋ ಕಡಿಮೆಯಾಯಿತೋ ಗೊತ್ತಾಗುವುದು. ಪದೇ ಪದೇ ಬಿಚ್ಚಿದರೆ ಸ್ಕ್ರೂ ರಂಧ್ರ ಸವೆಯುತ್ತದೆ. ಕ್ಲಾಸಿಕ್ ವೈಬ್‌ನಲ್ಲಿ ಅದೇ ಕೆಲಸ ತಲೆಯ ಕಡೆಯಿಂದ ಅಲೆನ್ ಕೀಯಲ್ಲಿ ಮುಗಿಯುತ್ತದೆ.

ಅಳತೆ ಹೀಗೆ: ಒಂದನೇ ಫ್ರೆಟ್‌ಗೆ ಕ್ಯಾಪೊ (ತಂತಿ ಒತ್ತಿಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್‌ನಲ್ಲಿ ಇ ತಂತಿ ಒತ್ತಿ, ಏಳು-ಎಂಟನೇ ಫ್ರೆಟ್ ಮೇಲೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ. 0.3 ಮಿ.ಮೀ. ಸಂದು ಇರಬೇಕು. ಹೆಚ್ಚಿದ್ದರೆ ನಟ್ ಬಿಗಿ, ಕಡಿಮೆಯಿದ್ದರೆ ಸಡಿಲ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಮೊದಲ ಮೂರು ನಾಲ್ಕು ಫ್ರೆಟ್‌ಗಳಲ್ಲೇ ಜರ್ ಜರ್ ಅಂದರೆ ಬಾಗು ಸಾಲದು ಎಂದರ್ಥ. ಕಡೂರು, ಅರಸೀಕೆರೆಯ ಬೇಸಿಗೆಯಲ್ಲಿ ತೊಂದರೆ ಬೇರೆ: ಬೆರಳಹಲಗೆ ಕುಗ್ಗಿ ಫ್ರೆಟ್ಟಿನ ತುದಿ ಅಂಚಿನಿಂದ ಹೊರಬಂದು ಕೈಗೆ ಗೀರುತ್ತದೆ. ಸಣ್ಣ ಅರದಿಂದ ಉಜ್ಜಿದರೆ ಆಯಿತು.

ಹಳೆಯದರ ಮೇಲಿನ ನೈಟ್ರೋ ಲ್ಯಾಕರ್ ಲೇಪ ಸವೆದ ಕಡೆಯೆಲ್ಲ ಮರ ನೇರ ತೇವ ಹೀರುತ್ತದೆ. ಹೊಸದರ ದಪ್ಪ ಪಾಲಿಯುರೆಥೇನ್ ನೋಡಲು ಪ್ಲಾಸ್ಟಿಕ್ಕಿನಂತಿದ್ದರೂ ಮಳೆಗಾಲದಲ್ಲಿ ಅದೇ ವಾಸಿ. ತಂತಿಗಳ ಬುಡದ ಬ್ರಿಜ್ ವಿಷಯದಲ್ಲಿ ಮಾತ್ರ ಎರಡೂ ಒಂದೇ: ತಂತಿ ಕೂರುವ ಸ್ಯಾಡಲ್ಲಿನ ಎತ್ತರ ಹೊಂದಿಸುವ ಪುಟ್ಟ ಸ್ಕ್ರೂಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಮಳೆಗೆ ಮುಂಚೆ ಒಂದೊಂದಾಗಿ ಬಿಚ್ಚಿ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಹಾಕಿಡಿ.

ಬೆರಳಹಲಗೆಯ ಮರದಲ್ಲಿ ನಮ್ಮೂರಿನವರಿಗೆ ಒಂದು ತಮಾಷೆಯಿದೆ. ಫೆಂಡರ್ ದಶಕಗಟ್ಟಲೆ ಬಳಸಿದ ಇಂಡಿಯನ್ ರೋಸ್‌ವುಡ್ ಅಂದರೆ ನಮ್ಮ ಬೀಟೆ. 2017ರಲ್ಲಿ ಆ ಜಾತಿಯ ಮರಗಳೆಲ್ಲ ಸೈಟೀಸ್ (ಅಪಾಯದಲ್ಲಿರುವ ಜೀವಜಾತಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧಕ್ಕೆ ಸೇರಿದ ಮೇಲೆ ಕಂಪನಿಗಳು ಬೇರೆ ಮರ ಹುಡುಕಿದವು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕರೂ ಸ್ಕ್ವಾಯರ್ ಲಾರೆಲ್‌ನಲ್ಲೇ ಉಳಿಯಿತು. ಇಂಡಿಯನ್ ಲಾರೆಲ್ ಅಂದರೆ ಮತ್ತಿ. ಬೀಟೆ ಹೋಯಿತೆಂದು ಕೊರಗುವವರು ಮತ್ತಿಯ ತೊಲೆ ಎಷ್ಟು ಬಾಳುತ್ತದೆಂದು ಹಳೇ ಮನೆಗಳಲ್ಲಿ ನೋಡಲಿ. ಲಾರೆಲ್ ಸ್ವಲ್ಪ ಬಿಳಿಚಿಕೊಂಡಿರುತ್ತದೆ, ಎಣ್ಣೆ ಸವರಿದರೆ ಬಣ್ಣ ಏರುತ್ತದೆ.

ಸದ್ದಿನಲ್ಲಿ ಹಳೆಯದು ಮೇಲು, ಸುಳ್ಳು ಹೇಳಬಾರದು: ಮಧ್ಯದ ಸ್ವರಗಳಲ್ಲಿ ಒಂದು ಗೊಗ್ಗರು ಇದೆ. ಆದರೆ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್, ರಿದಂ ಪ್ಯಾಡ್ ನಡುವೆ ಅದು ಯಾರಿಗೂ ಕೇಳಿಸದು. ಅಲ್ಲಿ ಕೇಳಿಸುವುದು ಹಮ್, ಅಂದರೆ ಕರೆಂಟಿನ ಗುಯ್‌ಗುಟ್ಟುವಿಕೆ. ಎರಡೂ ಪಿಕಪ್‌ಗಳ ವಾಲ್ಯೂಮ್ ಸಮವಾಗಿ ಪೂರ್ತಿ ತೆರೆದಿದ್ದರೆ ಅವುಗಳ ಹಮ್ ಒಂದನ್ನೊಂದು ಕಳೆಯುತ್ತದೆ. ಒಂದನ್ನು ಇಳಿಸಿದೊಡನೆ ಜನರೇಟರಿನ ಗುಯ್ ಶುರು. ಇದು ಬೇಡವೆನ್ನುವವರಿಗೆ ಫೆಂಡರ್‌ನದೇ ಪ್ರಿಸಿಶನ್ ಬೇಸ್ ಸರಿ, 1957ರಿಂದ ಅದರ ಪಿಕಪ್ ಎರಡು ತುಂಡಾಗಿ ತಾನೇ ಹಮ್ ಕಳೆಯುತ್ತದೆ. ಯಮಾಹಾ ಟಿಆರ್‌ಬಿಎಕ್ಸ್ 304 ಕೂಡ ನಿಶ್ಶಬ್ದ, ಆದರೆ ಆಕ್ಟಿವ್: 9 ವೋಲ್ಟ್ ಬ್ಯಾಟರಿ ಸತ್ತರೆ ಸದ್ದೇ ಇಲ್ಲ. ನುಡಿಸದಾಗ ಕೇಬಲ್ ಕಿತ್ತಿಡಬೇಕು, ಜ್ಯಾಕೇ ಅದರ ಸ್ವಿಚ್.

ಇಷ್ಟಾದರೂ ಹಳೆಯದೇ ಬೇಕೆಂದರೆ ಮಲ್ಟಿಮೀಟರ್ ಒಯ್ಯಿರಿ. ಕೇಬಲ್ ಚುಚ್ಚಿ, ಒಂದು ವಾಲ್ಯೂಮ್ ಪೂರ್ತಿ, ಇನ್ನೊಂದು ಸೊನ್ನೆ ಮಾಡಿ ಕೇಬಲಿನ ಇನ್ನೊಂದು ತುದಿಯಲ್ಲಿ ಅಳೆದರೆ 7 ಕಿಲೋ ಓಮ್ ಆಸುಪಾಸು ಬರಬೇಕು. ನೂರು ದಾಟಿದರೆ ಕಾಯಿಲ್ ತುಂಡಾಗಿದೆ. ಸೀರಿಯಲ್ ನಂಬರನ್ನಷ್ಟೇ ನಂಬಬೇಡಿ. 1976ರವರೆಗೆ ಅದು ಇದ್ದದ್ದು ಬೆನ್ನಿನ ಕಡೆ ನೆಕ್ ಸ್ಕ್ರೂಗಳ ತಗಡಿನ ಮೇಲೆ, ತಗಡು ಬದಲಿಸುವುದು ಸುಲಭ. ಪಾಟ್ (ವಾಲ್ಯೂಮ್ ಗುಬ್ಬಿಯ ಕೆಳಗಿನ ಭಾಗ) ಮೇಲಿನ ಕೋಡ್ ಓದಿ: 1376633 ಅಂದರೆ 137 ಅದನ್ನು ಮಾಡಿದ ಸಿಟಿಎಸ್ ಕಂಪನಿ, 66ನೇ ಇಸವಿ, 33ನೇ ವಾರ. 1966ರಲ್ಲಿ ಕೊಂಡ ಪಾಟ್‌ಗಳನ್ನು ಫೆಂಡರ್ 1969ರವರೆಗೂ ಹಾಕಿದ್ದರಿಂದ, ಬೇಸ್ ಅದಕ್ಕಿಂತ ಹಳೆಯದಲ್ಲ ಎಂದಷ್ಟೇ ಇದು ಹೇಳುತ್ತದೆ. ಟ್ರಸ್ ರಾಡ್ ನಟ್ ಇನ್ನೂ ತಿರುಗುತ್ತದೆಯೇ ಎಂದು ನೆಕ್ ಬಿಚ್ಚಿಸಿಯೇ ನೋಡಿ, ನೆಕ್ಕಿನ ಬುಡದಲ್ಲಿರುವ ತಾರೀಖೂ ಆಗಲೇ ಸಿಗುತ್ತದೆ. ಬಿಚ್ಚಲು ಮಾರುವವರು ಒಪ್ಪದಿದ್ದರೆ ವ್ಯಾಪಾರ ಅಲ್ಲಿಗೇ ಬಿಡಿ.