ಮಡಿಕೇರಿಯ ಇತಿಹಾಸ ನಡಿಗೆ: ಒಂದು ಭಾನುವಾರದ ಬೆಳಗ್ಗೆ ಇದಕ್ಕೆ ಎತ್ತಿಡಿ

ಮಡಿಕೇರಿಗೆ ಬರುವವರ ಲಿಸ್ಟ್ ಎಲ್ಲರಿಗೂ ಗೊತ್ತಿರುವುದೇ. ರಾಜಾಸೀಟು, ಅಬ್ಬಿ ಜಲಪಾತ, ಕಾಫಿಪುಡಿ, ಜೇನು, ಹೋಂಸ್ಟೇ. ಕೋಟೆಗೆ ಹೋದರೂ ಹತ್ತು ನಿಮಿಷ, ಕಲ್ಲಿನಾನೆ ಮುಂದೆ ನಿಂತು ಒಂದು ಫೋಟೋ, ಅಷ್ಟೇ. ಜಿಲ್ಲೆಯವರಾದ ನಮ್ಮಲ್ಲೂ ಎಷ್ಟೋ ಜನ ಆ ಕೋಟೆಯೊಳಗೆ ಹೋಗಿದ್ದು ಕಚೇರಿ ಕೆಲಸಕ್ಕೆ ಮಾತ್ರ. ಅದಕ್ಕೇ ಈ ನಡಿಗೆಯ ಬಗ್ಗೆ ಬರೆಯಲೇಬೇಕು ಅನ್ನಿಸಿತು.

ನಡೆಸುವವರು ಒಬ್ಬ ನಿವೃತ್ತ ಮೇಷ್ಟ್ರು. ಬೋರ್ಡಿಲ್ಲ, ಆ್ಯಪ್ ಇಲ್ಲ. ಹೋಂಸ್ಟೇಯವರು, ಆಟೋದವರು ಒಬ್ಬರಿಗೊಬ್ಬರು ಹೇಳಿ ಜನ ಬರುತ್ತಾರೆ. ಹೆಸರು ಹಾಕುವುದು ಬೇಡ ಅಂದಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ತಲಾ 400 ರೂಪಾಯಿ, ಮಕ್ಕಳಿಗೆ ಅರ್ಧ. ಭಾನುವಾರ ಬೆಳಗ್ಗೆ ಕೋಟೆ ಬಾಗಿಲಲ್ಲಿ ಶುರುವಾಗಿ, ಓಂಕಾರೇಶ್ವರ ದೇವಸ್ಥಾನಕ್ಕೆ ಇಳಿದು, ಆಮೇಲೆ ಮಹದೇವಪೇಟೆ ಕಡೆಯಿಂದ ಅರಸರ ಸಮಾಧಿಗಳಿರುವ ಗದ್ದಿಗೆಗೆ ಹೋಗಿ ಮುಗಿಯುತ್ತದೆ. ಹೆಚ್ಚುಕಮ್ಮಿ ಮಧ್ಯಾಹ್ನದ ಊಟದ ಹೊತ್ತಾಗುತ್ತದೆ.

ಈ ಮೇಷ್ಟ್ರಲ್ಲಿ ನನಗೆ ಬಹಳ ಇಷ್ಟವಾದ ಗುಣ ಒಂದಿದೆ. ಯಾವುದು ದಾಖಲೆಯಲ್ಲಿದೆ, ಯಾವುದು ಬಾಯಿಮಾತು ಅನ್ನುವುದನ್ನು ಪ್ರತಿ ಸಲ ಬಿಡಿಸಿ ಹೇಳುತ್ತಾರೆ. ಕೋಟೆ ಅಂಗಳದ ಎರಡು ಆನೆಗಳ ಕಥೆಯನ್ನೇ ತಗೊಳ್ಳಿ. ದಿನಾ ಬೆಳಗ್ಗೆ ರಾಜನಿಗೆ ನಮಸ್ಕಾರ ಮಾಡುತ್ತಿದ್ದ ಆನೆಗಳು ಒಂದು ದಿನ ಬರಲಿಲ್ಲವಂತೆ, ಸಿಟ್ಟಿನಲ್ಲಿ ಕೊಲ್ಲಿಸಿಬಿಟ್ಟನಂತೆ, ಆಮೇಲೆ ಮರುಗಿ ಅವುಗಳ ಅಳತೆಯಲ್ಲೇ ಗಾರೆಯಲ್ಲಿ ಮಾಡಿಸಿದನಂತೆ. ಬೇರೆ ಗೈಡುಗಳಿಂದ ಇದನ್ನು ಕಣ್ಣಾರೆ ಕಂಡಂತೆ ಹೇಳುವುದನ್ನು ಕೇಳಿದ್ದೇನೆ. ಇವರು ಕಥೆ ಪೂರ್ತಿ ಹೇಳಿ, "ಇದು ಊರಿನ ಮಾತು, ಕಾಗದದಲ್ಲಿ ನಾನು ನೋಡಿಲ್ಲ" ಅಂತ ಮುಂದಕ್ಕೆ ಹೋದರು. ಹೀಗೆ ಹೇಳುವವರು ಆಮೇಲೆ ವರ್ಷ, ತಾರೀಖು ಹೇಳಿದಾಗ ನಂಬಿಕೆ ತಾನಾಗಿ ಬರುತ್ತದೆ, ಅಲ್ವಾ?

ನನಗೆ ಗೊತ್ತೇ ಇರದ ಕಥೆ ಒಂದು ಕೋಟೆ ಗೋಡೆ ಹತ್ತಿರ ಸಿಕ್ಕಿತು. ಕೊಡಗಿನ ಅರಸ ಮುದ್ದುರಾಜ ಮಣ್ಣಿನಲ್ಲಿ ಕಟ್ಟಿಸಿದ್ದ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟಿದ್ದ. ಅದೇ ಮನೆತನದ ದೊಡ್ಡವೀರರಾಜೇಂದ್ರ ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದವನು, 1788ರಲ್ಲಿ ತಪ್ಪಿಸಿಕೊಂಡು ಬಂದ. 1790ರ ಹೊತ್ತಿಗೆ ನಾಡೆಲ್ಲ ಅವನ ಕೈಗೆ ಬಂದಿತ್ತು, ಮಡಿಕೇರಿ ಕೋಟೆ ಒಂದು ಬಿಟ್ಟು. ಒಳಗೆ ದಿನಸಿ ಖಾಲಿಯಾಗುತ್ತಿತ್ತು. ಆಗ ಟಿಪ್ಪು ಕಡೆಯಿಂದ ಖಾದರ್ ಖಾನ್ ಅನ್ನುವ ಸರದಾರ ದವಸ ಹೊರಿಸಿಕೊಂಡು ದಂಡಿನ ಜೊತೆ ಬಂದ. ಕೊಡಗಿನವರು ಕಾಡಿನಲ್ಲಿ ಅವನನ್ನು ಸುತ್ತುಗಟ್ಟಿದರು. ಮುಗಿಸಿಬಿಡಬಹುದಿತ್ತು. ಆದರೆ ರಾಜನ ಮನೆಯವರು ಸೆರೆಯಲ್ಲಿದ್ದಾಗ ಇದೇ ಖಾದರ್ ಖಾನ್ ಅವರ ಮಾನ ಕಾಪಾಡಿದ್ದ. ರಾಜ ಅದನ್ನು ಮರೆತಿರಲಿಲ್ಲ. ದವಸದ ಸಮೇತ ಅವನನ್ನು ಕೋಟೆಗೆ ಹೋಗಲು ಬಿಟ್ಟ! ತಾನೇ ಮುತ್ತಿಗೆ ಹಾಕಿದ ಕೋಟೆಗೆ ತಾನೇ ಊಟ ಕಳಿಸಿದ ಹಾಗೆ. ಆ ದವಸವೂ ಮುಗಿದ ಮೇಲೆ ಕೋಟೆಯ ಮುಖ್ಯಸ್ಥ ಜಾಫರ್ ಅಲಿ ಬೇಗ್ ಶರಣಾದ. ಟಿಪ್ಪು ಮತ್ತು ಕೊಡಗು ಅಂದ ತಕ್ಷಣ ನಮ್ಮಲ್ಲಿ ಶುರುವಾಗುವ ಜಗಳದಲ್ಲಿ ಈ ಕಥೆಯನ್ನು ಯಾರೂ ಎತ್ತುವುದಿಲ್ಲ. ಯಾವ ಕಡೆಯವರಿಗೂ ಇದು ಪೂರ್ತಿ ಹೊಂದುವುದಿಲ್ಲ, ಅದಕ್ಕೇ ಮರೆತುಹೋಗಿದೆ ಅಂತ ನನ್ನ ಅನಿಸಿಕೆ.

ಇನ್ನೊಂದು ಕಡೆ ನಿಲ್ಲಿಸಿ 1837ರ ಮಾತು ತೆಗೆದರು. ಬ್ರಿಟಿಷರು ಕೊಡಗನ್ನು ತಗೊಂಡಿದ್ದು 1834ರಲ್ಲಿ. ಅಮರ ಸುಳ್ಯದ ಕಡೆಯನ್ನು ಕೊಡಗಿನಿಂದ ಕಿತ್ತು ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ದುಡ್ಡಿನಲ್ಲೇ ಕೊಡಿ ಅಂದರು. ಕೈಯಲ್ಲಿ ಕಾಸಿಲ್ಲದ ರೈತ ಎಲ್ಲಿಂದ ತರಬೇಕು? ದಂಗೆ ಎದ್ದಿತು. ಅರಸು ಮನೆತನದ ಕಲ್ಯಾಣಸ್ವಾಮಿ ತಾನೇ ಅಂತ ಹೇಳಿಕೊಂಡು ಮುಂದೆ ನಿಂತವನು ಶನಿವಾರಸಂತೆ ಕಡೆಯ ಪುಟ್ಟಬಸಪ್ಪ. ಏಪ್ರಿಲ್‌ನಲ್ಲಿ ಇವರ ದಂಡು ಮಂಗಳೂರನ್ನೇ ಹಿಡಿದು ಎರಡು ವಾರದ ಹತ್ತಿರ ಇಟ್ಟುಕೊಂಡಿತ್ತು. ಶಾಲೆಯಲ್ಲಿ 1857 ಓದಿದೆವು, ಅದಕ್ಕೂ 20 ವರ್ಷ ಮೊದಲಿನ ಇದನ್ನು ಯಾರು ಓದಿಸಿದರು? ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು 1837ರ ಅಕ್ಟೋಬರ್ 31ರಂದು ಇದೇ ಕೋಟೆಯಲ್ಲಿ ಗಲ್ಲಿಗೇರಿಸಿದರು. ಅದೇ ದಂಗೆ ಅಡಗಿಸಲು ನೆರವಾದ ಕೊಡಗಿನವರಿಗೆ ಈಸ್ಟ್ ಇಂಡಿಯಾ ಕಂಪನಿ ಚಿನ್ನದ ಪದಕ, ಬೆಳ್ಳಿ ಪದಕ ಕೊಟ್ಟಿತು. ಎರಡನ್ನೂ ಒಂದೇ ಉಸಿರಿನಲ್ಲಿ, ಒಂದೇ ದನಿಯಲ್ಲಿ ಹೇಳಿದರು. ನಮ್ಮ ಗುಂಪಿನಲ್ಲಿ ಗೌಡರೂ ಇದ್ದರು, ಕೊಡವರೂ ಇದ್ದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಹಿರಿಯರು, "ನೀವು ಹೇಳಿದ್ದು ಸರಿ ಮೇಷ್ಟ್ರೇ, ಎರಡೂ ನಮ್ಮದೇ" ಅಂದರು. ಇಷ್ಟು ಸೂಕ್ಷ್ಮದ ವಿಷಯವನ್ನು ಹೀಗೆ ನಿಭಾಯಿಸುವುದು ಸುಲಭವಲ್ಲ.

ಅರಮನೆಯ ಮುಂದೆ ನಿಂತಾಗ ಇನ್ನೊಂದು ಹೇಳಿದರು, ಮಕ್ಕಳಿಗಂತೂ ನಂಬಲಿಕ್ಕೇ ಆಗಲಿಲ್ಲ: ಕೊಡಗು ಒಂದು ಪ್ರತ್ಯೇಕ ರಾಜ್ಯವಾಗಿತ್ತು, ಮಡಿಕೇರಿ ಅದರ ರಾಜಧಾನಿ. 1952ರಿಂದ 24 ಶಾಸಕರ ಸಭೆ. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ಅವರ ಜೊತೆ ಕೆ. ಮಲ್ಲಪ್ಪ. ಮಂತ್ರಿಮಂಡಲ ಅಂದರೆ ಈ ಇಬ್ಬರೇ! 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು.

ಓಂಕಾರೇಶ್ವರದಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಪೂಜೆಗೆ ಬಂದ ಜನ ಇದ್ದರು. 1820ರಲ್ಲಿ ಲಿಂಗರಾಜ ಕಟ್ಟಿಸಿದ್ದು, ಗುಮ್ಮಟ ನೋಡಿದರೆ ದರ್ಗಾ ನೆನಪಾಗುತ್ತದೆ, ಕೊಂದ ಬ್ರಾಹ್ಮಣನ ಕಾಟ ತಪ್ಪಿಸಿಕೊಳ್ಳಲು ರಾಜ ಕಟ್ಟಿಸಿದ ಅನ್ನುವುದು ಊರಿನ ಕಥೆ.

ಗದ್ದಿಗೆಗೆ ಬಂದ ಮೇಲೆ ಮೇಷ್ಟ್ರು ಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಒಂದು ಚಿತ್ರ ತೆಗೆದರು. ಕಲರ್ ಪ್ರಿಂಟು, ಅಂಚು ಮಳೆನೀರು ತಾಗಿ ಸ್ವಲ್ಪ ಊದಿಕೊಂಡಿದೆ. ಚಿತ್ರದಲ್ಲಿ ಮೈತುಂಬ ಒಡವೆ ಹಾಕಿಕೊಂಡ ಒಬ್ಬ ಹುಡುಗಿ. ವಿಂಟರ್‌ಹಾಲ್ಟರ್ ಅನ್ನುವ ಕಲಾವಿದ ವಿಕ್ಟೋರಿಯಾ ರಾಣಿಗಾಗಿ 1854ರಲ್ಲಿ ಬರೆದದ್ದು. ಹುಡುಗಿ ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ. ಚಿತ್ರ ಕೈಯಿಂದ ಕೈಗೆ ದಾಟಿತು, ನನ್ನ ಪಕ್ಕದಲ್ಲಿದ್ದ ಹೆಂಗಸು ಅದನ್ನು ಬೇಗ ಮುಂದೆ ಕೊಡಲೇ ಇಲ್ಲ.

ರಾಜ್ಯ ಕಳಕೊಂಡ ರಾಜನನ್ನು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಕಳಿಸಿದರು. ಗೌರಮ್ಮ ಹುಟ್ಟಿದ್ದು ಕಾಶಿಯಲ್ಲಿ, 1841ರಲ್ಲಿ. ಅಂದರೆ ಕೊಡಗಿನ ರಾಜಕುಮಾರಿ ಅಂತ ಲಂಡನ್ ಪತ್ರಿಕೆಗಳೆಲ್ಲ ಬರೆದ ಈ ಹುಡುಗಿ ಕೊಡಗನ್ನು ಕಂಡವಳೇ ಅಲ್ಲ. 1852ರಲ್ಲಿ ಅಪ್ಪ ಅವಳನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದ. ಕಂಪನಿಯಲ್ಲಿ ಸಿಕ್ಕಿಬಿದ್ದಿದ್ದ ಮನೆತನದ ಹಣಕ್ಕಾಗಿ ಕೇಸು ಹಾಕುವುದು ಅವನ ಉದ್ದೇಶ. ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಹುಡುಗಿಗೆ ಕ್ರೈಸ್ತ ದೀಕ್ಷೆ ಆಯಿತು. ರಾಣಿಯೇ ಧರ್ಮತಾಯಿ ಆಗಿ ತನ್ನ ಹೆಸರು ಕೊಟ್ಟಳು, ವಿಕ್ಟೋರಿಯಾ ಗೌರಮ್ಮ. ಆಗ ಅವಳಿಗೆ 11 ಕೂಡ ತುಂಬಿರಲಿಲ್ಲ. ಪಂಜಾಬಿನ ಮಹಾರಾಜ ದುಲೀಪ್ ಸಿಂಗ್ ಜೊತೆ ಮದುವೆ ಮಾಡಬೇಕು ಅಂತ ರಾಣಿ ಆಸೆಪಟ್ಟಳು, ಆಗಲಿಲ್ಲ. ಅಪ್ಪ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಮರುವರ್ಷ ಕೇಸೂ ಸೋತಿತು. ಅದೇ 1860ರಲ್ಲಿ ಅವಳು ತನಗಿಂತ ಎಷ್ಟೋ ದೊಡ್ಡವನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾದಳು. ಒಂದು ಹೆಣ್ಣುಮಗು ಆಯಿತು. 1864ರಲ್ಲಿ, 23 ತುಂಬುವ ಮೊದಲೇ, ಹೋಗಿಬಿಟ್ಟಳು. ಬ್ರಾಂಪ್ಟನ್ ಸ್ಮಶಾನದಲ್ಲಿ ಮಣ್ಣು ಮಾಡಿದರು.

ದೊಡ್ಡವೀರರಾಜೇಂದ್ರನ ಗದ್ದಿಗೆ, ಲಿಂಗರಾಜನ ಗದ್ದಿಗೆ ಎರಡೂ ಕಣ್ಣ ಮುಂದೆ ಇರುವಾಗ, ಅಪ್ಪ ಲಿಂಗರಾಜನಿಗೆ ಗದ್ದಿಗೆ ಕಟ್ಟಿಸಿದ ಮಗ ಚಿಕ್ಕವೀರರಾಜನ ಸಮಾಧಿ ಲಂಡನ್ನಿನ ಕೆನ್ಸಲ್ ಗ್ರೀನ್‌ನಲ್ಲಿದೆ ಅಂತ ಕೇಳುವುದು ಮನೆಯಲ್ಲಿ ಕೂತು ಓದಿದ ಹಾಗಲ್ಲ. ಚಿಕ್ಕವೀರರಾಜ ಕ್ರೂರಿ ಅನ್ನುವುದನ್ನೂ ಮೇಷ್ಟ್ರು ಮುಚ್ಚಿಡಲಿಲ್ಲ. ಅವನ ಸ್ವಂತ ತಂಗಿ ದೇವಮ್ಮಾಜಿ, ಗಂಡ ಚನ್ನಬಸಪ್ಪನ ಜೊತೆ ಜೀವಭಯದಿಂದ ಮೈಸೂರಿನ ಬ್ರಿಟಿಷರ ಹತ್ತಿರ ಓಡಿಹೋದದ್ದೂ ಹೇಳಿದರು. ಟಿಪ್ಪು ದಂಡಿನ ಜೊತೆ ಕಾದಿ ಸತ್ತ ಬಿದ್ದಂಡ ಬೋಪುವಿನ ಸಮಾಧಿಯೂ ಅಲ್ಲೇ ಇದೆ, ತಪ್ಪದೆ ತೋರಿಸಿಕೊಡಿ ಅಂತ ಕೇಳಿ.

ಇನ್ನು ಕೊರತೆಗಳು. ನಾವು ಹೋದ ದಿನ ಜನ ಜಾಸ್ತಿ ಇದ್ದರು, ಹಿಂದೆ ನಿಂತವರಿಗೆ ಮಾತು ಅರ್ಧ ಕೇಳಿಸಲಿಲ್ಲ. ಮೈಕ್ ಬೇಡ, ಗುಂಪು ಸಣ್ಣದಿದ್ದರೆ ಸಾಕು. ಕೋಟೆಯಲ್ಲೇ ತುಂಬಾ ಹೊತ್ತಾಗಿ ಕೊನೆಗೆ ಗೌರಮ್ಮನ ಕಥೆಗೆ ಅವಸರ ಬಿತ್ತು. ಅದಕ್ಕೇ ಇನ್ನೂ ಅರ್ಧ ಗಂಟೆ ಬೇಕಿತ್ತು. ಕೋಟೆಯೊಳಗಿನ ಹಳೇ ಚರ್ಚು ಈಗ ಮ್ಯೂಸಿಯಂ, ಅದು ಈ ನಡಿಗೆಯಲ್ಲಿ ಸೇರಿಲ್ಲ. ಬೆಳಗ್ಗೆ ಅಷ್ಟು ಬೇಗ ತೆಗೆಯುವುದೂ ಇಲ್ಲ, ಆಮೇಲೆ ನೀವೇ ಹೋಗಬೇಕು. ಏರಿಳಿತ ಇರುವುದರಿಂದ ಮಂಡಿ ನೋವಿರುವ ಹಿರಿಯರು ಕೋಟೆ ಮುಗಿಸಿ ಆಟೋದಲ್ಲಿ ನೇರ ಗದ್ದಿಗೆಗೆ ಬರುವುದು ಒಳ್ಳೆಯದು. ಜೂನ್‌ನಿಂದ ಆಗಸ್ಟ್‌ವರೆಗೆ ಬೇಡವೇ ಬೇಡ. ನಮ್ಮೂರಿನ ಮಳೆಯಲ್ಲಿ ಕೊಡೆ ಹಿಡಿದು ಇತಿಹಾಸ ಕೇಳಲಿಕ್ಕೆ ಆಗುವುದಿಲ್ಲ. ನಮ್ಮ ಸುಗ್ಗಿ ಹಬ್ಬ ಹುತ್ತರಿ ಮುಗಿದ ಮೇಲೆ ಫೆಬ್ರವರಿವರೆಗೆ ಸರಿಯಾದ ಕಾಲ.

ಕೇಳಿಕೊಂಡರೆ ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಗೂ ಬೇರೆ ದಿನ ಜೀಪಿನಲ್ಲಿ ಕರೆದುಕೊಂಡು ಹೋಗುತ್ತಾರೆ, ಅದಕ್ಕೆ ದುಡ್ಡು ಬೇರೆ. 1792ರ ಆ ಅರಮನೆಯ ಗೋಡೆ ಚಿತ್ರಗಳಿಗಾಗಿಯೇ ಹೋಗಬಹುದು. ಸುಂಟಿಕೊಪ್ಪ ಕಡೆ ಇನ್ನೊಂದು ನಡಿಗೆ ಶುರು ಮಾಡಿ ಅಂತ ನಾವೆಲ್ಲ ಸೇರಿ ಕೇಳಿದ್ದೇವೆ. 1934ರಲ್ಲಿ ಗಾಂಧೀಜಿ ಅಲ್ಲಿಗೆ ಬಂದಾಗ ಕೊಡಗಿನ ಗೌರಮ್ಮ, ರಾಜಕುಮಾರಿ ಅಲ್ಲ, ಕನ್ನಡದ ಕಥೆಗಾರ್ತಿ, ಗಾಂಧೀಜಿ ತನ್ನ ಮನೆಗೆ ಬರಲೇಬೇಕು ಅಂತ ಉಪವಾಸ ಕೂತು, ಬಂದ ಮೇಲೆ ಮೈಮೇಲಿನ ಒಡವೆಯನ್ನು ಹರಿಜನ ನಿಧಿಗೆ ಕೊಟ್ಟವರು. ಮೇಷ್ಟ್ರು ಯೋಚನೆ ಮಾಡುತ್ತೇನೆ ಅಂದಿದ್ದಾರೆ. ನೀವು ಹೋದಾಗ ನೀವೂ ಒಂದು ಮಾತು ಕೇಳಿ, ಕೇಳುವವರು ಜಾಸ್ತಿಯಾದರೆ ಖಂಡಿತ ಮಾಡುತ್ತಾರೆ.